‘ಎಕ್ಸ್‌ಪ್ಲೋಡ್’: ಚಪ್ಪಾಳೆಯಿಂದ ಸ್ಫೋಟದವರೆಗೆ

ಅನ್ಯಭಾಷೆಯ ಪದವೊಂದನ್ನು ಅದರ ಇಂದಿನ ಅರ್ಥದಿಂದ ಮಾತ್ರ ಗ್ರಹಿಸಿದಾಗ ಹಿಂದಿನ ಕಾಲದ ಪಠ್ಯಗಳ ಓದು ತಪ್ಪುದಾರಿ ಹಿಡಿಯುವ ಸಾಧ್ಯತೆಯಿದೆ. ಇಂಗ್ಲಿಷಿನ ‘ಎಕ್ಸ್‌ಪ್ಲೋಡ್’ ಎಂಬ ಕ್ರಿಯಾಪದ ಇದಕ್ಕೊಂದು ನಿದರ್ಶನ. ದೊಡ್ಡ ಸದ್ದಿನೊಡನೆ ಒಮ್ಮೆಲೇ ಸಿಡಿಯುವುದು ಎಂಬುದು ಅದರ ಇಂದಿನ ಅರ್ಥ. ಕನ್ನಡದಲ್ಲಿ ನಾವು ಅದಕ್ಕೆ ‘ಸ್ಫೋಟಿಸು’ ಎನ್ನುತ್ತೇವೆ. ಆದರೆ ಈ ಪದದ ಮೂಲವಿರುವುದು ಮದ್ದುಗುಂಡಿನಲ್ಲಲ್ಲ, ರಂಗಭೂಮಿಯಲ್ಲಿ.

ಲ್ಯಾಟಿನ್ನಿನ ‘ಪ್ಲೌದೆರೆ’ ಎಂದರೆ ಚಪ್ಪಾಳೆ ತಟ್ಟುವುದು. ‘ಎಕ್ಸ್’ ಎಂದರೆ ಹೊರಕ್ಕೆ. ಇವೆರಡೂ ಸೇರಿದ ‘ಎಕ್ಸ್‌ಪ್ಲೌದೆರೆ’ ಅಥವಾ ‘ಎಕ್ಸ್‌ಪ್ಲೋದೆರೆ’ ಎಂಬ ರೂಪಕ್ಕೆ ಚಪ್ಪಾಳೆಯ ಗದ್ದಲದಿಂದ ನಟನನ್ನು ರಂಗದಿಂದ ಓಡಿಸುವುದು ಎಂದು ಅರ್ಥ. ಕ್ರಿ.ಪೂ. 46ರ ‘ಪ್ಯಾರಡಾಕ್ಸ ಸ್ಟೋಯಿಕೋರುಮ್’ ಕೃತಿಯಲ್ಲಿ ಸಿಸೆರೊ, ಲಯ ತಪ್ಪಿದ ಅಥವಾ ಪದ್ಯದಲ್ಲಿ ಒಂದಕ್ಷರ ಹೆಚ್ಚುಕಡಿಮೆ ಮಾಡಿದ ನಟನಿಗೆ ಪ್ರೇಕ್ಷಕರಿಂದ ಒದಗುವ ಗತಿಯನ್ನು ಹೇಳುವಾಗ ಇದೇ ಪದವನ್ನು ಬಳಸಿದ್ದಾನೆ. ಅಲ್ಲಿ ಚಪ್ಪಾಳೆ ಮೆಚ್ಚುಗೆಯ ಕುರುಹಲ್ಲ, ತಿರಸ್ಕಾರದ ಸಾಧನ. ಅದೇ ಧಾತುವಿನಿಂದ ಬಂದ ‘ಅಪ್ಲಾಡ್’ ಮೆಚ್ಚುಗೆಯ ಅರ್ಥವನ್ನು ಉಳಿಸಿಕೊಂಡಿತು. ಮೊದಲು ಮೆಚ್ಚತಕ್ಕದ್ದು ಎಂಬ ಅರ್ಥವಿದ್ದ ‘ಪ್ಲಾಸಿಬಲ್’ ಇಂದು ಮೇಲ್ನೋಟಕ್ಕೆ ನಂಬುವಂತಿರುವುದನ್ನು ಸೂಚಿಸುತ್ತದೆ.

16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದಾಗಲೂ ಈ ಪದಕ್ಕಿದ್ದುದು ಅವಹೇಳನದಿಂದ ತಳ್ಳಿಹಾಕು ಎಂಬ ಅರ್ಥ. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ನಿಘಂಟು ತಿರಸ್ಕಾರದ ಸದ್ದಿನಿಂದ ಅವಮಾನಿಸಿ ಹೊರಗಟ್ಟುವುದನ್ನೇ ಮೊದಲ ಅರ್ಥವಾಗಿ ಕೊಡುತ್ತದೆ. ಸದ್ದು ಮತ್ತು ರಭಸದೊಡನೆ ಹೊರದೂಡುವುದು ಅಲ್ಲಿ ಎರಡನೆಯದು. ಅರ್ಥಪಲ್ಲಟದ ಕೊಂಡಿ ಈ ಎರಡನೆಯ ಅರ್ಥದಲ್ಲಿದೆ. ಪ್ರೇಕ್ಷಕರೂ ನಟನೂ ಮರೆಯಾಗಿ, ಸದ್ದು ಮತ್ತು ರಭಸಗಳಷ್ಟೇ ಉಳಿದವು. 18ನೆಯ ಶತಮಾನದ ಕೊನೆಯ ಹೊತ್ತಿಗೆ ತಾನಾಗಿಯೇ ಸದ್ದಿನೊಡನೆ ಸಿಡಿ ಎಂಬ ಅಕರ್ಮಕ ಪ್ರಯೋಗ ಕಾಣಿಸಿಕೊಂಡಿತು. 20ನೆಯ ಶತಮಾನದ ನಡುವಿನಲ್ಲಿ ಜನಸಂಖ್ಯೆಯ ತೀವ್ರ ಏರಿಕೆಯನ್ನು ಸೂಚಿಸುವಾಗ ಸದ್ದೂ ಬಿಟ್ಟುಹೋಗಿ ಆಕಸ್ಮಿಕ ವೃದ್ಧಿಯೊಂದೇ ಉಳಿಯಿತು.

ಕನ್ನಡ ಬಳಸಿಕೊಂಡ ‘ಸ್ಫೋಟ’ದ ಹಿನ್ನೆಲೆ ಇದಕ್ಕಿಂತ ಭಿನ್ನ. ಸಂಸ್ಕೃತದ ‘ಸ್ಫುಟ್’ ಧಾತುವಿಗೆ ಒಡೆ, ಬಿರಿ, ಅರಳು ಎಂಬ ಅರ್ಥಗಳಿವೆ. ಸ್ಪಷ್ಟ ಎಂಬರ್ಥದ ‘ಸ್ಫುಟ’ವೂ ಇದರಿಂದಲೇ ಬಂದಿದೆ. ಭರ್ತೃಹರಿಯ ‘ವಾಕ್ಯಪದೀಯ’ದಲ್ಲಿ ಸ್ಫೋಟವೆಂದರೆ ಧ್ವನಿಯಿಂದ ವ್ಯಕ್ತವಾಗಿ ಅರ್ಥವನ್ನು ಬೋಧಿಸುವ ಅಖಂಡ ಶಬ್ದತತ್ತ್ವ. ಒಂದು ಪದ ತಿರಸ್ಕಾರದಿಂದಲೂ ಇನ್ನೊಂದು ಅರಳುವಿಕೆಯಿಂದಲೂ ಹೊರಟು, ಸಿಡಿತವೆಂಬ ಒಂದೇ ಬಿಂದುವಿನಲ್ಲಿ ಸಂಧಿಸಿವೆ. ಆದ್ದರಿಂದ ಇವು ಆ ಬಿಂದುವಿನಲ್ಲಿ ಮಾತ್ರ ಸಮಾನಾರ್ಥಕಗಳು.

ಈ ಮಿತಿಯನ್ನು ಗಮನಿಸದಿದ್ದರೆ ಅನುವಾದದಲ್ಲಿ ಅನರ್ಥ ಸಂಭವಿಸುತ್ತದೆ. 18 ಮತ್ತು 19ನೆಯ ಶತಮಾನಗಳ ಇಂಗ್ಲಿಷ್ ಗದ್ಯದಲ್ಲಿ ‘ಎಕ್ಸ್‌ಪ್ಲೋಡೆಡ್’ ಎಂಬ ವಿಶೇಷಣವುಳ್ಳ ಸಿದ್ಧಾಂತವೆಂದರೆ ವಿದ್ವಾಂಸರು ಕೈಬಿಟ್ಟ, ಹುಸಿಯೆಂದು ಸಾಬೀತಾದ ಸಿದ್ಧಾಂತ. ಇದನ್ನು ‘ಸ್ಫೋಟಗೊಂಡ ಸಿದ್ಧಾಂತ’ ಎಂದು ಕನ್ನಡಿಸಿದರೆ, ‘ಜನಸಂಖ್ಯಾ ಸ್ಫೋಟ’ ರೂಢಿಯಾಗಿರುವ ನಮ್ಮ ಓದುಗನಿಗೆ ಅದು ಎಲ್ಲೆಡೆ ಥಟ್ಟನೆ ಹಬ್ಬಿದ ಸಿದ್ಧಾಂತವಾಗಿ ತೋರಬಹುದು. ಆಗ ಮೂಲದ ಮಾತು ತಲೆಕೆಳಗಾಗುತ್ತದೆ. ವಸಾಹತು ಕಾಲದ ಇಂಗ್ಲಿಷ್ ಬರಹಗಳನ್ನು ಆಕರವಾಗಿ ಬಳಸುವ ಸಂಶೋಧಕರಿಗೆ ಇದು ಸಣ್ಣ ಸಂಗತಿಯಲ್ಲ.

ಇಂತಹ ಕಡೆ ‘ತಿರಸ್ಕೃತ’, ‘ನಿರಾಕೃತ’, ‘ಹುಸಿಯೆಂದು ತಿಳಿದುಬಂದ’ ಎಂಬ ರೂಪಗಳು ಯುಕ್ತವೆನಿಸುತ್ತವೆ. ಸಿಡಿತದ ಅರ್ಥದಲ್ಲಿಯೂ ಸಂಸ್ಕೃತ ಪದವೊಂದನ್ನೇ ಅವಲಂಬಿಸಬೇಕಿಲ್ಲ. ಮದ್ದಿಗೆ ‘ಸಿಡಿ’, ಮೊಗ್ಗಿಗೆ ‘ಬಿರಿ’, ಕಟ್ಟೆಗೆ ‘ಒಡೆ’, ಅಳುವಿಗೆ ‘ಉಕ್ಕು’ ಎಂದು ಕನ್ನಡ ಹಠಾತ್ ಕ್ರಿಯೆಗಳನ್ನು ಬೇರೆಬೇರೆಯಾಗಿಯೇ ಗುರುತಿಸಿದೆ. ದ್ವಿಭಾಷಾ ನಿಘಂಟುಗಳು ಪರ್ಯಾಯ ಪದಗಳ ಪಟ್ಟಿಯೊಡನೆ, ಯಾವ ಅರ್ಥ ಯಾವ ಕಾಲದ್ದು ಎಂಬುದನ್ನೂ ಸೂಚಿಸುವಂತಾದರೆ ಇಂತಹ ತೊಡಕುಗಳು ಬಹುಮಟ್ಟಿಗೆ ಪರಿಹಾರವಾಗುತ್ತವೆ.