ಪಿಕಪ್ ಗಾಡಿಗೆ ಚಿಪ್ ಬೇಕೆ?



ಮೇವು, ಪಶು ಆಹಾರದ ಮೂಟೆ, ಹಾಲಿನ ಕ್ಯಾನು ಸಾಗಿಸಲು ಡೀಸೆಲ್ ಪಿಕಪ್ ಇಟ್ಟುಕೊಂಡವರು ನಮ್ಮಲ್ಲಿದ್ದಾರೆ. ‘ಚಿಪ್ ಹಾಕಿಸಿ, ಎಳೆತವೂ ಮೈಲೇಜೂ ಹೆಚ್ಚುತ್ತದೆ’ ಎಂಬ ಮಾತಿಗೆ ಹಾಲಿನ ಬಟವಾಡೆ ಹಣ ಸುರಿಯುವ ಮುನ್ನ ಸ್ವಲ್ಪ ಯೋಚಿಸಿ.

ಇಂಥ ಚಿಪ್ ಸಾಮಾನ್ಯವಾಗಿ ಎಂಜಿನ್ನಿಗೆ ಹೆಚ್ಚು ಡೀಸೆಲ್ ಹರಿಸಿ ಶಕ್ತಿ ಕೊಡುತ್ತದೆ. ಹಸುವಿಗೆ ಒಮ್ಮೆಗೇ ಹಿಟ್ಟು, ಅನ್ನ ಹೆಚ್ಚು ತಿನ್ನಿಸಿದರೆ ಹೊಟ್ಟೆ ಹುಳಿಯಾಗಿ ಮೇವು ಬಿಡುತ್ತದಲ್ಲವೇ? ಎಂಜಿನ್ನಿಗೂ ಅತಿಯಾದರೆ ಕಷ್ಟವೇ. ಶಾಖ ಹೆಚ್ಚಿ ಟರ್ಬೊ, ಕ್ಲಚ್ ಬೇಗ ಸವೆಯಬಹುದು, ಕಪ್ಪು ಹೊಗೆ ಬರಬಹುದು, ವಾರಂಟಿಯೂ ಕೈತಪ್ಪಬಹುದು.

ಮೊದಲು ಇಷ್ಟು ಮಾಡಿ:

• ಒಣಹುಲ್ಲಿನ ಧೂಳು ಏರ್ ಫಿಲ್ಟರ್ ಕಟ್ಟಿಸುತ್ತದೆ. ಆಗಾಗ ನೋಡಿ, ಕಾಲಕ್ಕೆ ಸರಿಯಾಗಿ ಬದಲಿಸಿ. ಎಣ್ಣೆ ಸವರುವ ಬಟ್ಟೆಯ ಫಿಲ್ಟರ್ ಹಾಕಿಸಿದರೆ, ಎಣ್ಣೆ ಹೆಚ್ಚಾದಾಗ ಗಾಳಿ ಅಳೆಯುವ ಸೆನ್ಸರ್ ಕೆಡಬಹುದು.

• ಬೆಳಗ್ಗೆ ಟೈರ್ ತಣ್ಣಗಿರುವಾಗ, ಗಾಡಿಯ ಮೇಲೆ ಬರೆದಷ್ಟು ಗಾಳಿ ಹಿಡಿಸಿ. ಗಾಳಿ ಕಡಿಮೆಯಾದರೆ ಡೀಸೆಲ್ ಹೆಚ್ಚು ಸುಡುತ್ತದೆ.

• ಖಾಲಿ ಕ್ಯಾನು, ಬೇಡದ ಕಬ್ಬಿಣ ಇಳಿಸಿ. ಮಿತಿಮೀರಿ ಹೇರಬೇಡಿ.

• ಎಂಜಿನ್ ಆಯಿಲ್, ಡೀಸೆಲ್ ಫಿಲ್ಟರ್ ಹೊತ್ತಿಗೆ ಬದಲಿಸಿ. ಹಾಲು ಇಳಿಸುವಾಗ ಎಂಜಿನ್ ಆರಿಸಿ.

ದಿನಕ್ಕೆ 60 ಕಿ.ಮೀ. ಓಡುವ ಗಾಡಿ ಲೀಟರಿಗೆ 12ರ ಬದಲು 13 ಕಿ.ಮೀ. ಕೊಟ್ಟರೆ ತಿಂಗಳಿಗೆ ಸುಮಾರು 11 ಲೀಟರ್ ಡೀಸೆಲ್ ಉಳಿಯುತ್ತದೆ. ಟ್ಯಾಂಕ್ ತುಂಬಿಸಿದಾಗಲೆಲ್ಲ ಕಿ.ಮೀ. ಮತ್ತು ಲೀಟರ್ ಬರೆದಿಡಿ. ಹಾಲಿನ ಲೆಕ್ಕದಂತೆ ಡೀಸೆಲ್ ಲೆಕ್ಕವೂ ನಿಮ್ಮ ಕೈಯಲ್ಲೇ ಇರಲಿ. ಮೈಲೇಜ್ ದಿಢೀರನೆ ಇಳಿದರೆ ಮೆಕ್ಯಾನಿಕ್‌ಗೆ ತೋರಿಸಿ.