ಕಾರಿನ ಬ್ಯಾಟರಿ ಪದೇಪದೇ ಡೌನ್ ಆಗುತ್ತಿದೆಯೇ? ಹೊಸದು ಕೊಳ್ಳುವ ಮುನ್ನ ಇದನ್ನು ಓದಿ

“ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಒಂದು ವೈರ್ ಕಿತ್ತು ನೋಡಿ. ಎಂಜಿನ್ ನಿಂತರೆ ಆಲ್ಟರ್ನೇಟರ್ ಹಾಳು, ನಿಲ್ಲದಿದ್ದರೆ ಬ್ಯಾಟರಿ ಹಾಳು. ಮೆಕ್ಯಾನಿಕ್‌ಗಳು ಹೇಳಿಕೊಡದ ಗುಟ್ಟು, ಎಲ್ಲರಿಗೂ ಶೇರ್ ಮಾಡಿ!” ಇಂತಹ ಸಂದೇಶ ನಿಮಗೂ ಬಂದಿರಬಹುದು. ಇದರ ಜೊತೆಗೆ “ದಿನಾ ಐದು ನಿಮಿಷ ಸ್ಟಾರ್ಟ್ ಮಾಡಿಟ್ಟರೆ ಸಾಕು”, “ಟರ್ಮಿನಲ್ ಮೇಲೆ ಕೋಲಾ ಸುರಿಯಿರಿ” ಎಂಬ ಸಲಹೆಗಳೂ ಓಡಾಡುತ್ತಿವೆ. ಇವುಗಳಲ್ಲಿ ಎಷ್ಟು ನಿಜ? ಕಾರು ಸ್ಟಾರ್ಟ್ ಆಗದಿದ್ದಾಗ ನಿಜವಾದ ಕಾರಣವನ್ನು ಪತ್ತೆ ಮಾಡುವುದು ಹೇಗೆ? ಬನ್ನಿ, ನೋಡೋಣ.

ಮೊದಲು ಸದ್ದು ಕೇಳಿ

ಕೀ ತಿರುಗಿಸಿದಾಗ ಕಾರು ಏನು ಮಾಡುತ್ತದೆ ಎಂಬುದೇ ಅರ್ಧ ಉತ್ತರ.

• ‘ಟಕಟಕಟಕ’ ಎಂಬ ಸದ್ದು ಬಂದು ಡ್ಯಾಶ್‌ಬೋರ್ಡ್ ದೀಪಗಳು ಮಂಕಾದರೆ: ಬ್ಯಾಟರಿ ಡೌನ್ ಆಗಿದೆ, ಇಲ್ಲವೇ ಟರ್ಮಿನಲ್ ಸಡಿಲವಾಗಿದೆ ಅಥವಾ ಪುಡಿ ಕಟ್ಟಿದೆ.
• ದೀಪಗಳು ಚೆನ್ನಾಗಿಯೇ ಉರಿಯುತ್ತಿದ್ದು ಒಂದೇ ಒಂದು ‘ಟಕ್’ ಕೇಳಿಸಿದರೆ: ಸ್ಟಾರ್ಟರ್ ಮೋಟರ್ ಅಥವಾ ಅದರ ವೈರಿಂಗ್ ಮೇಲೆ ಅನುಮಾನ ಪಡಬೇಕು.
• ಸೆಲ್ಫ್ ಚೆನ್ನಾಗಿ ಹೊಡೆಯುತ್ತಿದ್ದರೂ ಎಂಜಿನ್ ಹಿಡಿಯದಿದ್ದರೆ: ಸಾಮಾನ್ಯವಾಗಿ ಅದು ಬ್ಯಾಟರಿಯ ತಪ್ಪಲ್ಲ. ಇಂಧನ, ಸ್ಪಾರ್ಕ್ ಅಥವಾ ಕೀಯನ್ನು ಗುರುತಿಸುವ ಇಮ್ಮೊಬಿಲೈಸರ್ ಕಡೆ ನೋಡಬೇಕು.
• ಏನೂ ಸದ್ದಿಲ್ಲ, ದೀಪ ಮಾತ್ರ ಉರಿಯುತ್ತಿದೆ ಎಂದಾದರೆ: ಆಟೊಮ್ಯಾಟಿಕ್ ಕಾರಿನ ಗೇರ್ ‘ಪಿ’ ಅಥವಾ ‘ಎನ್’ನಲ್ಲಿದೆಯೇ ಎಂದು ಒಮ್ಮೆ ನೋಡಿ. ಕೆಲವು ಮ್ಯಾನುಯಲ್ ಕಾರುಗಳಲ್ಲಿ ಕ್ಲಚ್ ಪೂರ್ತಿ ಒತ್ತದಿದ್ದರೂ ಹೀಗಾಗುತ್ತದೆ.

ಟ್ಯಾಂಕ್ ಖಾಲಿಯಾಗಲು ಮೂರೇ ಕಾರಣ

ಬ್ಯಾಟರಿಯನ್ನು ಮನೆಯ ಮೇಲಿನ ನೀರಿನ ಟ್ಯಾಂಕ್ ಎಂದುಕೊಳ್ಳಿ. ಬೆಳಗ್ಗೆ ಎದ್ದಾಗ ಟ್ಯಾಂಕ್ ಖಾಲಿಯಿದ್ದರೆ ಒಂದೋ ಟ್ಯಾಂಕೇ ಒಡೆದಿದೆ, ಇಲ್ಲವೇ ಮೋಟರ್ ನೀರು ಎತ್ತುತ್ತಿಲ್ಲ, ಅದೂ ಅಲ್ಲದಿದ್ದರೆ ಎಲ್ಲೋ ಒಂದು ನಲ್ಲಿ ಸೋರುತ್ತಿದೆ.

ಕಾರಿನಲ್ಲೂ ಅಷ್ಟೇ. ಬ್ಯಾಟರಿಗೆ ವಯಸ್ಸಾಗಿರಬಹುದು. ಎಂಜಿನ್ ಓಡುವಾಗ ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕೆಟ್ಟಿರಬಹುದು. ಅಥವಾ ಕಾರು ಸುಮ್ಮನೆ ನಿಂತಿರುವಾಗಲೂ ಯಾವುದೋ ಉಪಕರಣ ಕರೆಂಟ್ ಎಳೆಯುತ್ತಿರಬಹುದು. ಮೊದಲನೆಯದಕ್ಕೆ ಮಾತ್ರ ಹೊಸ ಬ್ಯಾಟರಿ ಪರಿಹಾರ. ಉಳಿದೆರಡರಲ್ಲಿ ಸಾವಿರಾರು ರೂಪಾಯಿಯ ಹೊಸ ಬ್ಯಾಟರಿಯೂ ಕೆಲವೇ ದಿನಗಳಲ್ಲಿ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಪೂರ್ತಿ ಖಾಲಿಯಾದಷ್ಟು ಸಲವೂ ಅದರ ಆಯಸ್ಸು ಕಡಿಮೆಯಾಗುತ್ತದೆ.

ಲಾಕ್ ಮಾಡಿ ನಿಲ್ಲಿಸಿದ ಕಾರೂ ಪೂರ್ತಿ ನಿದ್ದೆ ಮಾಡುವುದಿಲ್ಲ. ಗಡಿಯಾರ, ಅಲಾರಂ, ರಿಮೋಟ್ ಲಾಕ್ ಎಲ್ಲವೂ ಸ್ವಲ್ಪ ಸ್ವಲ್ಪ ಕರೆಂಟ್ ಬಳಸುತ್ತವೆ. ಇದು 50 ಮಿಲಿಆಂಪಿಯರ್ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. 50 ಮಿಲಿಆಂಪಿಯರ್ ಅಂದರೆ ದಿನಕ್ಕೆ 1.2 ಆಂಪಿಯರ್-ಅವರ್. ಸಣ್ಣ ಕಾರಿನ 35 ಆಂಪಿಯರ್-ಅವರ್ ಬ್ಯಾಟರಿ ಅರ್ಧಕ್ಕೆ ಇಳಿಯಲು ಎರಡು ವಾರ ಬೇಕು. 2020ರ ಲಾಕ್‌ಡೌನ್‌ನಂತೆ ಕಾರು ವಾರಗಟ್ಟಲೆ ನಿಂತರೆ ಯಾವ ದೋಷವಿಲ್ಲದೆಯೂ ಬ್ಯಾಟರಿ ಡೌನ್ ಆಗುವುದು ಇದೇ ಲೆಕ್ಕದಲ್ಲಿ.

ನಂದಿನಿ ಲೇಔಟ್‌ನ ಕಾರು

ಬೆಂಗಳೂರಿನ ನಂದಿನಿ ಲೇಔಟ್‌ನ ಓದುಗರೊಬ್ಬರು ನಮಗೆ ಬರೆದದ್ದು ಇದೇ ಸಮಸ್ಯೆ. ಕೆಲಸಕ್ಕೆ ಹಸಿರು ಮಾರ್ಗದ ಮೆಟ್ರೋದಲ್ಲಿ ಓಡಾಟ, ಕಾರು ಸೋಮವಾರದಿಂದ ಶುಕ್ರವಾರದವರೆಗೆ ಮನೆ ಮುಂದೆ ನಿಂತಿರುತ್ತದೆ. ಶನಿವಾರ ಬಂದರೆ ಸೆಲ್ಫ್ ಹೊಡೆಯುವುದಿಲ್ಲ. ಒಂದೇ ವರ್ಷದಲ್ಲಿ ಎರಡು ಬ್ಯಾಟರಿ ಬದಲಾಗಿತ್ತು. ಮನೆಯಲ್ಲಿ ವಯಸ್ಸಾದ ಅಮ್ಮ ಇದ್ದಾರೆ, ನಡುರಾತ್ರಿ ಆಸ್ಪತ್ರೆಗೆ ಹೋಗಬೇಕಾದರೆ ಏನು ಗತಿ ಎಂಬುದು ಅವರ ಚಿಂತೆ.

ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಜೊತೆ ನಾವು ಆ ಕಾರನ್ನು ಪರೀಕ್ಷಿಸಿದೆವು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ 14.1 ವೋಲ್ಟ್ ಇತ್ತು. ಅಂದರೆ ಆಲ್ಟರ್ನೇಟರ್ ಸರಿಯಿದೆ. ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ, ನೆಗೆಟಿವ್ ಟರ್ಮಿನಲ್ ಬಿಚ್ಚಿ ಎರಡು ದಿನ ಬಿಟ್ಟರೂ 12.6 ವೋಲ್ಟ್ ಹಾಗೆಯೇ ಉಳಿಯಿತು. ಬ್ಯಾಟರಿಯೂ ಸರಿಯಿದೆ. ಟರ್ಮಿನಲ್ ಜೋಡಿಸಿ ಎರಡು ದಿನ ಬಿಟ್ಟಾಗ ಮಾತ್ರ 12.2ಕ್ಕೆ ಇಳಿದಿತ್ತು. ಅಲ್ಲಿಗೆ ಉಳಿದದ್ದು ಮೂರನೇ ಕಾರಣ, ಸೋರಿಕೆ.

ಮೀಟರ್ ಇಟ್ಟು ಅಳೆದಾಗ ನಿಂತ ಕಾರು 0.38 ಆಂಪಿಯರ್ ಎಳೆಯುತ್ತಿತ್ತು. ಅಂದರೆ ದಿನಕ್ಕೆ 9 ಆಂಪಿಯರ್-ಅವರ್. ನಾಲ್ಕು ದಿನಕ್ಕೆ ಬ್ಯಾಟರಿ ಪೂರ್ತಿ ಖಾಲಿ! ಫ್ಯೂಸ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋದಾಗ ಒಂದು ಫ್ಯೂಸ್ ತೆಗೆದ ಕೂಡಲೇ ಅದು 0.03ಕ್ಕೆ ಇಳಿಯಿತು. ಹೊರಗಿನ ಅಂಗಡಿಯಲ್ಲಿ ಹಾಕಿಸಿದ್ದ ಡ್ಯಾಶ್‌ಕ್ಯಾಮ್‌ಗೆ ಸದಾ ಕರೆಂಟ್ ಇರುವ ಲೈನ್‌ನಿಂದ ಸಂಪರ್ಕ ಕೊಟ್ಟಿದ್ದರು. ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ಲೈನ್‌ಗೆ ಅದನ್ನು ಬದಲಾಯಿಸಿದ ಮೇಲೆ ಸೋರಿಕೆ ನಿಂತಿತು. ಹೊಸ ಬ್ಯಾಟರಿ ಬೇಕಾಗಲೇ ಇಲ್ಲ.

ಡ್ಯಾಶ್‌ಕ್ಯಾಮ್ ಮಾತ್ರವಲ್ಲ, ಮ್ಯೂಸಿಕ್ ಸಿಸ್ಟಂ, ಜಿಪಿಎಸ್ ಟ್ರ್ಯಾಕರ್, ಆರದೇ ಉಳಿಯುವ ಡಿಕ್ಕಿ ದೀಪ, ಆಲ್ಟರ್ನೇಟರ್ ಒಳಗೆ ಕೆಟ್ಟ ಡಯೋಡ್ ಕೂಡ ಹೀಗೆಯೇ ಬ್ಯಾಟರಿ ಹೀರಬಲ್ಲವು.

ನೀವೇ ಪರೀಕ್ಷಿಸುವುದು ಹೇಗೆ?

ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಇದ್ದರೆ ಸಾಕು, ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ. ಕಾರು ಕೆಲವು ಗಂಟೆ ನಿಂತ ಮೇಲೆ ಬ್ಯಾಟರಿಯ ವೋಲ್ಟೇಜ್ ನೋಡಿ.

• 12.6 ಅಥವಾ ಹೆಚ್ಚು: ಪೂರ್ತಿ ಚಾರ್ಜ್ ಇದೆ.
• 12.2 ಆಸುಪಾಸು: ಅರ್ಧ ಮಾತ್ರ ಇದೆ.
• 12ಕ್ಕಿಂತ ಕಡಿಮೆ: ಹೆಚ್ಚುಕಡಿಮೆ ಖಾಲಿ.
• ಎಂಜಿನ್ ಓಡುವಾಗ 13.8ರಿಂದ 14.5: ಚಾರ್ಜಿಂಗ್ ಸರಿಯಿದೆ. ಕೆಲವು ಹೊಸ ಕಾರುಗಳಲ್ಲಿ ಇದು ಕಂಪ್ಯೂಟರ್ ಹೇಳಿದಂತೆ ಏರಿಳಿಯುತ್ತದೆ.

ಇದಾದ ಮೇಲೆ ನಂದಿನಿ ಲೇಔಟ್‌ನ ಕಾರಿಗೆ ಮಾಡಿದಂತೆ ಟರ್ಮಿನಲ್ ಬಿಚ್ಚಿ ಎರಡು ದಿನ, ಮತ್ತೆ ಚಾರ್ಜ್ ಮಾಡಿ ಜೋಡಿಸಿ ಎರಡು ದಿನ ಬಿಟ್ಟು ನೋಡಿ. ಬಿಚ್ಚಿಟ್ಟಾಗಲೂ ವೋಲ್ಟೇಜ್ ಇಳಿದರೆ ಬ್ಯಾಟರಿ ಹಾಳು. ಜೋಡಿಸಿದಾಗ ಮಾತ್ರ ಇಳಿದರೆ ಸೋರಿಕೆ. ಬಿಚ್ಚುವಾಗ ಕಾರು ಆಫ್ ಆಗಿರಬೇಕು, ನೆಗೆಟಿವ್ ತುದಿಯನ್ನೇ ಮೊದಲು ಬಿಚ್ಚಬೇಕು. ಆಂಪಿಯರ್ ಅಳೆದು ಫ್ಯೂಸ್ ಹುಡುಕುವ ಕೆಲಸವನ್ನು ಅನುಭವವಿಲ್ಲದಿದ್ದರೆ ಎಲೆಕ್ಟ್ರಿಷಿಯನ್‌ಗೇ ಬಿಡಿ. “ಬ್ಯಾಟರಿ ಬದಲಾಯಿಸಿ” ಎನ್ನುವ ಬದಲು “ನಿಂತಾಗ ಎಷ್ಟು ಆಂಪಿಯರ್ ಎಳೆಯುತ್ತಿದೆ, ಅಳೆದು ಹೇಳಿ” ಎಂದು ಕೇಳಿ.

ಈಗ ಫಾರ್ವರ್ಡ್‌ಗಳ ವಿಷಯ

ಎಂಜಿನ್ ಓಡುವಾಗ ವೈರ್ ಕೀಳುವುದು: ಖಂಡಿತ ಬೇಡ. ಡೈನಮೋ ಇದ್ದ ಹಳೆ ಕಾರುಗಳ ಕಾಲದಲ್ಲಿ ಈ ಉಪಾಯ ನಡೆಯುತ್ತಿತ್ತು. ಇಂದಿನ ಕಾರಿನಲ್ಲಿ ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಹಠಾತ್ತನೆ ಬಿಚ್ಚಿದರೆ ಆಲ್ಟರ್ನೇಟರ್‌ನ ವೋಲ್ಟೇಜ್ ಕ್ಷಣಮಾತ್ರದಲ್ಲಿ ಹಲವು ಪಟ್ಟು ಚಿಮ್ಮಬಹುದು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಸುಟ್ಟುಹೋದರೆ ಅದರ ಮುಂದೆ ಬ್ಯಾಟರಿಯ ಬೆಲೆ ಏನೂ ಅಲ್ಲ.

ದಿನಾ ಐದು ನಿಮಿಷ ಸ್ಟಾರ್ಟ್: ಅರ್ಧ ಸತ್ಯ. ಸೆಲ್ಫ್ ಹೊಡೆಯಲು ಖರ್ಚಾದ ಚಾರ್ಜ್ ಅಷ್ಟರಲ್ಲಿ ಮರಳಿ ಬರಬಹುದು. ಆದರೆ ಡೌನ್ ಆದ ಬ್ಯಾಟರಿ ತುಂಬಲು ಗಂಟೆಗಳೇ ಬೇಕು, ಐಡ್ಲಿಂಗ್‌ನಲ್ಲಿ ಆಲ್ಟರ್ನೇಟರ್ ಕೊಡುವುದೂ ಕಡಿಮೆ. ವಾರಕ್ಕೊಮ್ಮೆ ಅರ್ಧ-ಮುಕ್ಕಾಲು ಗಂಟೆ ರಸ್ತೆಯಲ್ಲಿ ಓಡಿಸುವುದು ಉತ್ತಮ. ಮುಚ್ಚಿದ ಗ್ಯಾರೇಜ್ ಅಥವಾ ಬೇಸ್‌ಮೆಂಟ್‌ನಲ್ಲಿ ಎಂಜಿನ್ ಓಡಿಸಿಡಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಪ್ರಾಣಕ್ಕೇ ಅಪಾಯ.

ಕೋಲಾ: ಅದರಲ್ಲಿರುವ ಆಮ್ಲ ಟರ್ಮಿನಲ್‌ನ ಪುಡಿಯನ್ನು ಕರಗಿಸುವುದು ನಿಜ, ಆದರೆ ಸಕ್ಕರೆಯ ಅಂಟು ಉಳಿಯುತ್ತದೆ. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಬ್ರಷ್‌ನಿಂದ ಉಜ್ಜಿದರೆ ಸಾಕು. ಆ ನೀರು ಬ್ಯಾಟರಿಯೊಳಗೆ ಹೋಗಬಾರದು.

ತುರ್ತಾಗಿ ಸ್ಟಾರ್ಟ್ ಮಾಡಬೇಕಾದರೆ

ಪಕ್ಕದವರ ಕಾರಿನಿಂದ ಜಂಪ್ ಸ್ಟಾರ್ಟ್ ಮಾಡುವಾಗ ಕ್ರಮ ತಪ್ಪಬಾರದು. ಕೆಂಪು ಕೇಬಲ್ ಮೊದಲು ಡೌನ್ ಆದ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ, ಕೊನೆಯ ತುದಿ ಕೆಟ್ಟು ನಿಂತ ಕಾರಿನ ಎಂಜಿನ್‌ನ ಬಣ್ಣವಿಲ್ಲದ ಲೋಹದ ಭಾಗಕ್ಕೆ. ಬ್ಯಾಟರಿಯಿಂದ ಹೈಡ್ರೋಜನ್ ಅನಿಲ ಬರುತ್ತದೆ, ಕೊನೆಯ ಕಿಡಿ ಅದರ ಹತ್ತಿರ ಹಾರಬಾರದು ಎಂಬುದೇ ಇದರ ಉದ್ದೇಶ. ಬೀಡಿ, ಸಿಗರೇಟ್ ದೂರವಿರಲಿ.

ಒಟ್ಟಾರೆ ಹೇಳುವುದಾದರೆ, ಜಂಪ್ ಸ್ಟಾರ್ಟ್ ಅಂದಿನ ಕೆಲಸ ನಡೆಸುತ್ತದೆ, ಕಾಯಿಲೆ ವಾಸಿ ಮಾಡುವುದಿಲ್ಲ. ಹೊಸ ಬ್ಯಾಟರಿ ಎರಡನೇ ಸಲ ಡೌನ್ ಆಯಿತೆಂದರೆ ಬ್ಯಾಟರಿಯನ್ನು ಬೈಯುವುದು ಬಿಟ್ಟು ನಲ್ಲಿ ಎಲ್ಲಿ ಸೋರುತ್ತಿದೆ ಎಂದು ಹುಡುಕಿ. ವೈರ್ ಕೀಳಿ ಎನ್ನುವ ಸಂದೇಶ ನಿಮ್ಮ ಗ್ರೂಪಿಗೆ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ.