ಕೈಗಡಿಯಾರ ಮತ್ತು ಎದೆಬಡಿತ



2025ರ ಜೂನ್ ತಿಂಗಳಲ್ಲಿ ನಮ್ಮ ಹಾಸನ ಜಿಲ್ಲೆಯಲ್ಲಿ ಹೃದಯಾಘಾತದ ಸಾವಿನ ಸುದ್ದಿ ಒಂದರ ಹಿಂದೊಂದು ಬಂತು. ಜನ ಹೆದರಿ ಜಯದೇವ ಆಸ್ಪತ್ರೆಯ ಮುಂದೆ ಸಾಲುಗಟ್ಟಿ ನಿಂತರು. ಸಾವುಗಳು ವಿಪರೀತವಾಗಿ ಏರಿಲ್ಲವೆಂದು ಸರ್ಕಾರದ ತಜ್ಞರ ಸಮಿತಿ ಜುಲೈನಲ್ಲಿ ವರದಿ ಕೊಟ್ಟಿತು. ಆದರೂ ಅರಸೀಕೆರೆಯ ತೆಂಗಿನ ತೋಟದಲ್ಲಾಗಲಿ, ಬೇಲೂರಿನ ಕಾಫಿ ತೋಟದಲ್ಲಾಗಲಿ ದುಡಿಯುವ ಅಪ್ಪನ ಕೈಗೆ ಮಕ್ಕಳು ಸ್ಮಾರ್ಟ್‌ವಾಚು ಕಟ್ಟಿದರೆ ಆಶ್ಚರ್ಯವಿಲ್ಲ. ಅದು ಯಾತಕ್ಕೆ ಬಂದೀತು, ಯಾತಕ್ಕೆ ಬಾರದು, ನೋಡೋಣ.

ಗಡಿಯಾರ ಹೃದಯಾಘಾತವನ್ನು ಕಂಡುಹಿಡಿಯಲಾರದು. ಎದೆ ನೋವು ಬಂದರೆ ಗಡಿಯಾರ ನೋಡುತ್ತ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಅದು ಹಿಡಿಯಬಲ್ಲದ್ದು ಬೇರೆ ದೋಷ, ಎದೆಬಡಿತ ತಾಳ ತಪ್ಪುವುದು. ವೈದ್ಯರು ಇದನ್ನು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡದೆ ಬರಿದೆ ಅದುರುತ್ತವೆ. ಕಾಲುವೆಯ ಮೂಲೆಯಲ್ಲಿ ನಿಂತ ನೀರು ಪಾಚಿ ಕಟ್ಟೋದಿಲ್ಲವೇ? ಹಾಗೆಯೇ ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪು ಹೋಗಿ ಮಿದುಳಿನ ನಾಳಕ್ಕೆ ಅಡ್ಡಬಿದ್ದರೆ ಲಕ್ವ ಹೊಡೆಯುತ್ತದೆ. ಈ ದೋಷವಿದ್ದವರಿಗೆ ಲಕ್ವದ ಅಪಾಯ ಸುಮಾರು 5 ಪಟ್ಟು ಹೆಚ್ಚು.

ಈ ದೋಷ ಒಮ್ಮೊಮ್ಮೆ ಬಂದು ಹೋಗುತ್ತದೆ. ಆಸ್ಪತ್ರೆಗೆ ಹೋದ ದಿನ ಬಡಿತ ಸರಿಯಿದ್ದರೆ ಇ.ಸಿ.ಜಿ.ಯಲ್ಲಿ ಏನೂ ಕಾಣದು. ಅದಕ್ಕೇ ಮೈಮೇಲೆ ಧರಿಸುವ ಯಂತ್ರ ಬೇಕಾಯಿತು. ಅಮೆರಿಕದ ಹಾಲ್ಟರ್ ಎಂಬವರು 1949ರಲ್ಲಿ ಮಾಡಿದ ಯಂತ್ರ ಸುಮಾರು 38 ಕಿಲೋ ತೂಗುತ್ತಿತ್ತು, ಬೆನ್ನಿಗೆ ಹೊರಬೇಕಿತ್ತು! ಈಗ ಎದೆಗೆ ತಂತಿ ಅಂಟಿಸಿ, ಸಣ್ಣ ಡಬ್ಬಿಯನ್ನು ಸೊಂಟಕ್ಕೆ ಕಟ್ಟಿ, ಒಂದು ದಿನ ಅಥವಾ ಹೆಚ್ಚು ಕಾಲ ಬಡಿತ ದಾಖಲಿಸುತ್ತಾರೆ. ಗಡಿಯಾರವಾದರೋ ಮಣಿಕಟ್ಟಿಗೆ ಬೆಳಕು ಹಾಯಿಸಿ ನಾಡಿಯನ್ನು ಎಣಿಸುತ್ತದೆ. ಅಗ್ಗದ ಗಡಿಯಾರಗಳು ಅನೇಕವು ಎಣಿಕೆ ಮಾತ್ರ ತೋರುತ್ತವೆ, ತಾಳ ತಪ್ಪಿದ್ದನ್ನು ಹೇಳವು. ಒಳ್ಳೆಯವೂ ಕೈಯಾಡಿಸಿ ಕೆಲಸ ಮಾಡುವಾಗ ತಪ್ಪು ಎಚ್ಚರಿಕೆ ಕೊಟ್ಟಾವು. ಅದರ ಮಾತು ಅನುಮಾನ ಮಾತ್ರ, ತೀರ್ಮಾನ ವೈದ್ಯರದು.

ಗಡಿಯಾರವಿಲ್ಲದವರು ಚಿಂತಿಸಬೇಕಾಗಿಲ್ಲ. ಐದು ನಿಮಿಷ ಸುಮ್ಮನೆ ಕೂತು, ಹೆಬ್ಬೆರಳ ಬುಡದ ಕೆಳಗೆ ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ಎಣಿಸಿ. 60ರಿಂದ 100ರೊಳಗೆ ಇದ್ದು, ಒಂದೇ ಸಮ ಬಡಿಯಬೇಕು. ಹೇಗೆಂದರೆ ಹಾಗೆ ಬಡಿದರೆ ಅರಸೀಕೆರೆಯವರು ಅರಸೀಕೆರೆಯ, ಹಳೇಬೀಡಿನವರು ಬೇಲೂರಿನ ತಾಲ್ಲೂಕು ಆಸ್ಪತ್ರೆಯಲ್ಲಿ ಇ.ಸಿ.ಜಿ. ಮಾಡಿಸಿ. ವಯಸ್ಸು 65 ದಾಟಿದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ ಇದ್ದವರು ಇದನ್ನು ಮರೆಯಬಾರದು. ವೈದ್ಯರು ರಕ್ತ ಹೆಪ್ಪುಗಟ್ಟದ ಮಾತ್ರೆ ಕೊಟ್ಟರೆ, ಮೈ ಹಗುರಾಯಿತೆಂದು ನೀವಾಗಿ ನಿಲ್ಲಿಸಬೇಡಿ.

ಬಾಯಿ ಸೊಟ್ಟಗಾಯಿತೇ, ಒಂದು ಕೈ ಸೋತಿತೇ, ಮಾತು ತೊದಲಿತೇ? ನಾಟಿ ಔಷಧಿ ಹುಡುಕುತ್ತ ಹೊತ್ತು ಕಳೆಯದೆ ಕೂಡಲೇ 108ಕ್ಕೆ ಫೋನು ಮಾಡಿ. ಹೆಪ್ಪು ಕರಗಿಸುವ ಸೂಜಿಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು.